ಆರು ವರ್ಷ ಅರ್ಧಕ್ಕೇ ನಿಂತಿದ್ದ ಹಾಡು: ನಿಮ್ಮ ಮೊದಲ ಹಾರ್ಡ್‌ಕೋರ್ ಪಂಕ್ ರೆಕಾರ್ಡ್ ಯಾವುದು?

ಸೈಡ್_ಎ

ಬೆಂಗಳೂರಲ್ಲಿ ರಾಕ್ ಅಂದ್ರೆ ಮೆಟಲ್ ಅಂತಲೇ ತಿಳ್ಕೊಂಡು ಬೆಳೆದವರು ನಾವು. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಿದ್ದು, 2011ರಲ್ಲಿ ಮೆಟಾಲಿಕಾ ಬಂದಿದ್ದು, ಅದನ್ನೆಲ್ಲ ನೆನೆಸಿಕೊಳ್ಳೋ ಜನ ಬೇಕಾದಷ್ಟಿದ್ದಾರೆ. ಹಾರ್ಡ್‌ಕೋರ್ ಪಂಕ್, ಅಂದ್ರೆ ಪಂಕ್ ರಾಕನ್ನೇ ಇನ್ನೂ ಜೋರಾಗಿ, ವೇಗವಾಗಿ ಬಾರಿಸಿ ಒಂದೂವರೆ ನಿಮಿಷಕ್ಕೆ ಮುಗಿಸೋ ಹಾಡುಗಳ ಬಗ್ಗೆ ಕನ್ನಡದಲ್ಲಿ ಮಾತಾಡೋಣ ಅಂದ್ರೆ ಮಾತ್ರ ಇಷ್ಟು ವರ್ಷದಲ್ಲಿ ನನಗೆ ಯಾರೂ ಸಿಕ್ಕಿಲ್ಲ. ಅದಕ್ಕೇ ಶುರು ಮಾಡ್ತಿದ್ದೀನಿ.

1999. ಇಂಜಿನಿಯರಿಂಗ್ ಎರಡನೇ ವರ್ಷ, ಮನೆ ಹನುಮಂತನಗರ. ಕಾಲೇಜಲ್ಲಿ ನಮ್ಮ ಸೀನಿಯರ್ ಒಬ್ಬರಿದ್ದರು. ಅವರ ಅಣ್ಣ ಅಮೆರಿಕದಿಂದ ಬರುವಾಗ ಮೈನರ್ ಥ್ರೆಟ್ ತಂಡದ ‘ಕಂಪ್ಲೀಟ್ ಡಿಸ್ಕೋಗ್ರಫಿ’ ಸಿಡಿ ತಂದಿದ್ದರು. ವಾಷಿಂಗ್ಟನ್ ಡಿ.ಸಿ.ಯ ಹುಡುಗರ ತಂಡ ಅದು. 1980ರಲ್ಲಿ ಶುರುವಾಗಿ 1983ಕ್ಕೆ ಮುಗಿದೇ ಹೋಯ್ತು. ಮೂರು ವರ್ಷದ ಕೆಲಸವೆಲ್ಲ ಒಂದೇ ಸಿಡಿಯಲ್ಲಿ: 26 ಹಾಡು, ಸುಮಾರು 47 ನಿಮಿಷ. ನಾನು ತಗೊಂಡು ಹೋಗಿದ್ದು ಟಿಡಿಕೆ 90. ಅದರ ಒಂದು ಸೈಡು 45 ನಿಮಿಷ. ಸೀನಿಯರ್ ರೆಕಾರ್ಡ್ ಬಟನ್ ಒತ್ತಿದರು, ಇಬ್ಬರೂ ಟೀ ಕುಡಿಯೋಕೆ ಕೆಳಗೆ ಹೋದ್ವಿ. ವಾಪಸ್ ಬರೋ ಹೊತ್ತಿಗೆ ಬಟನ್ ತಾನಾಗೇ ಮೇಲೆದ್ದಿತ್ತು.

ಸಿಡಿಯ ಕೊನೇ ಹಾಡು ‘ಸ್ಯಾಲಡ್ ಡೇಸ್’. ನನ್ನ ಟೇಪಲ್ಲಿ ಅದು ಬೇಸ್ ಗಿಟಾರಿಂದ ಶುರುವಾಗತ್ತೆ, ಉಳಿದವರು ಸೇರಿಕೊಳ್ತಾರೆ, ಇನ್ನೇನು ಕಾವೇರಬೇಕು ಅನ್ನುವಾಗ ಟಕ್. ಶ್ರೀನಗರದಿಂದ ಹೊರಡೋ ಬಿಟಿಎಸ್ ಬಸ್ಸಲ್ಲಿ ವಾಕ್‌ಮನ್ ಹಾಕ್ಕೊಂಡು, ಮನೇಲಿ ಅಪ್ಪನ ಟೂ-ಇನ್-ಒನ್ನಲ್ಲಿ, ಎಷ್ಟು ನೂರು ಸಲ ಕೇಳಿದೀನೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲವೂ ಅಲ್ಲೇ ಟಕ್. ಆಮೇಲಾಮೇಲೆ ಆ ಟಕ್ ಕೂಡ ಹಾಡಿನದೇ ಭಾಗ ಆಗಿ ಕಿವೀಲಿ ಕೂತುಬಿಡ್ತು.

ಹೊದಿಕೆಯ ಚಿತ್ರವನ್ನ ಸೀನಿಯರ್ ಜೆರಾಕ್ಸ್ ಮಾಡಿಸಿಕೊಟ್ಟಿದ್ದರು. ತಲೆ ಬೋಳಿಸಿದ ಹುಡುಗನೊಬ್ಬ ಮೆಟ್ಟಿಲ ಮೇಲೆ ಕೂತು, ಮಂಡಿ ಮೇಲೆ ಕೈ ಕಟ್ಟಿ, ಅದರಲ್ಲಿ ಮುಖ ಹುದುಗಿಸಿಕೊಂಡಿರೋ ಫೋಟೋ. ಗಾಯಕ ಇಯಾನ್ ಮಕಾಯ್‌ನ ತಮ್ಮ ಅವನು ಅಂತ ಬಹಳ ವರ್ಷ ಆದಮೇಲೆ ಓದಿದೆ. 1999ರಲ್ಲಿ ನನಗೆ ಅವನು ಇಂಟರ್ನಲ್ಸ್‌ನಲ್ಲಿ ಡುಮ್ಕಿ ಹೊಡೆದು ಮನೆ ಜಗಲಿ ಮೇಲೆ ಕೂತಿರೋ ನನ್ನಂಥದೇ ಹುಡುಗ.

2005ರಲ್ಲಿ ಒಂದು ಸೈಬರ್ ಕೆಫೆಯಲ್ಲಿ ಆ ಹಾಡು ಪೂರ್ತಿ ಸಿಕ್ತು. ಕೇಳಿದ ತಕ್ಷಣ ಅನಿಸಿದ್ದು, ಫೈಲೇ ಸರಿ ಇಲ್ಲ, ಯಾಕೋ ಜೋರಾಗಿ ಓಡ್ತಿದೆ ಅಂತ. ಎರಡನೇ ಸಲ ಪದಗಳ ಮೇಲೆ ಗಮನ ಇಟ್ಟು ಕೇಳಿದೆ. ಹಳೇ ದಿನಗಳೇ ಬಂಗಾರ ಅಂತ ಎಲ್ಲರೂ ಅಂತಾರಲ್ಲ, ಆ ಮಾತನ್ನ ನಾನು ನಂಬಲ್ಲ ಅನ್ನೋ ಹಾಡು ಅದು. ಹಾಡಿದವನಿಗೆ ಆಗ 21 ವರ್ಷ. ತಂಡ ಒಡೆದು ಹೋಗಿ, 1985ರಲ್ಲಿ ಅದು ಹೊರಗೆ ಬಂತು. ಆರು ವರ್ಷ ಆ ಟೇಪನ್ನ ಎದೆಗೆ ಅವಚಿಕೊಂಡು ತಿರುಗಿದವನಿಗೆ, ಟೇಪಲ್ಲಿ ಹಿಡಿಸದೇ ಹೋದ ಎರಡು ನಿಮಿಷದಲ್ಲಿ ಇದ್ದಿದ್ದು ಈ ಮಾತು. ಕೆಫೆಯವರು ಬಂದು ಟೈಮ್ ಆಯ್ತು ಅನ್ನೋವರೆಗೂ ಹೆಡ್‌ಫೋನ್ ತೆಗೀಲಿಲ್ಲ.

ನಿಮ್ಮದು ಯಾವುದು ಹೇಳಿ. ಯಾವ ರೆಕಾರ್ಡ್ ದೊಡ್ಡದು ಅನ್ನೋ ಪಟ್ಟಿ ಬೇಡ. ಹೇಗೆ ಕೈಗೆ ಬಂತು, ಎಲ್ಲಿ ಕೇಳಿದ್ರಿ, ಅದು ಬರೀರಿ.

ತಮಟೆ_ಏಟು

ಗುರೂ, ನನ್ನದು ಮೆಟಾಲಿಕಾ ಮೂಲಕವೇ ಬಂದಿದ್ದು. 1998ರ ‘ಗ್ಯಾರೇಜ್ ಇಂಕ್’ ಕ್ಯಾಸೆಟ್ಟನ್ನ ಬ್ರಿಗೇಡ್ ರೋಡಲ್ಲಿ ತಗೊಂಡೆ. ಅದು ಶುರುವಾಗೋದೇ ಬೇರೆಯವರ ಹಾಡಿಂದ. ಯಾರದು ಅಂತ ನೋಡಿದ್ರೆ ಡಿಸ್ಚಾರ್ಜ್. ಅದೇ ಆಲ್ಬಮ್ಮಲ್ಲಿ ಅವರ ಇನ್ನೊಂದು ಹಾಡೂ ಇದೆ. ಮೆಟಾಲಿಕಾದಂಥವರೇ ಎರಡು ಹಾಡು ಎತ್ಕೊಂಡಿದ್ದಾರೆ ಅಂದ್ರೆ ಇವರು ಯಾರಪ್ಪಾ ಅಂತ ಹುಡುಕಿದೆ, ಹುಡುಕಿದೆ, ನಾಲ್ಕು ವರ್ಷ ಸಿಗಲೇ ಇಲ್ಲ. ಕೊನೆಗೆ ಗೆಳೆಯನೊಬ್ಬ ಸಿಡಿ ಬರ್ನ್ ಮಾಡಿ ಕೊಟ್ಟ: ‘ಹಿಯರ್ ನಥಿಂಗ್ ಸೀ ನಥಿಂಗ್ ಸೇ ನಥಿಂಗ್’, 1982. ಇಂಗ್ಲೆಂಡಿನಲ್ಲಿ ಪಿಂಗಾಣಿ ಪಾತ್ರೆಗಳಿಗೆ ಹೆಸರಾದ ಸ್ಟೋಕ್-ಆನ್-ಟ್ರೆಂಟ್ ಊರಿನವರು.

ನಾನು ಬೆಳೆದಿದ್ದು ಕಲಾಸಿಪಾಳ್ಯದ ಹತ್ತಿರ. ಅಣ್ಣಮ್ಮನ್ನ ಕೂರಿಸಿದಾಗ ರಾತ್ರಿಯೆಲ್ಲ ತಮಟೆ. ಮನೆ ಗೋಡೆಗೆ ಬೆನ್ನು ಆನಿಸಿ ನಿಂತ್ರೆ ಏಟು ಬೆನ್ನುಮೂಳೆಯಲ್ಲಿ ಗೊತ್ತಾಗೋದು. ಡಿಸ್ಚಾರ್ಜಿನ ಡ್ರಮ್ಸ್ ಕೇಳಿದಾಗ ನನಗೆ ಮೊದಲು ನೆನಪಾಗಿದ್ದು ಆ ಗೋಡೆ. ಅವರ ಆ ಒಂದೇ ಹೊಡೆತಕ್ಕೆ ಡಿ-ಬೀಟ್ ಅಂತ ಹೆಸರೇ ಬಿದ್ದುಬಿಡ್ತು. ಸ್ವೀಡನ್, ಜಪಾನ್, ಎಲ್ಲೆಲ್ಲಿಯವರೋ ಅದನ್ನ ಹಿಡ್ಕೊಂಡು ತಂಡ ಕಟ್ಟಿದ್ದಾರೆ. ತಮಟೆಯವರು ನಡುನಡುವೆ ಏಟು ಬದಲಾಯಿಸಿ ಜನರನ್ನ ಕುಣಿಸ್ತಾರೆ. ಡಿಸ್ಚಾರ್ಜ್ ಬದಲಾಯಿಸೋದೇ ಇಲ್ಲ. ಒಂದೇ ಏಟು, ಮೇಲೆ ಮೂರ್ನಾಲ್ಕು ಸಾಲು ಮಾತು, ಅದೂ ಯುದ್ಧ, ಅಣುಬಾಂಬು, ಸತ್ತವರು. ಮೂರು ಸಾಲಲ್ಲಿ ಹೇಳಿ ಮುಗಿಸೋದು ತ್ರಿಪದಿ ಕೇಳಿ ಬೆಳೆದ ನಮಗೇನೂ ಹೊಸದಲ್ಲವಲ್ಲ.

ರಾಜಾಜಿನಗರ_ರಾತ್ರಿ

ನಾನು ಹೇಳೋದು ಕ್ರೋ-ಮ್ಯಾಗ್ಸ್. ನ್ಯೂಯಾರ್ಕ್ ತಂಡ, 1986ರ ‘ದಿ ಏಜ್ ಆಫ್ ಕ್ವಾರೆಲ್’. ಮುಖಪುಟದಲ್ಲಿ ಅಣುಬಾಂಬಿನ ಹೊಗೆಯ ಅಣಬೆ.

ಹೆಸರನ್ನ ಮೊದಲು ಓದಿದಾಗ ಏನೋ ಜಗಳದ ರೆಕಾರ್ಡು ಅಂದ್ಕೊಂಡೆ. ಆಮೇಲೆ ಒಂದು ದಿನ ತಟ್ಟಂತ ಹೊಳೀತು, ಇದು ಕಲಿಯುಗ! ಸಂಸ್ಕೃತದಲ್ಲಿ ಕಲಿ ಅಂದ್ರೆ ಕಲಹ. ತಂಡದವರು ಕೃಷ್ಣಭಕ್ತಿಯ ಕಡೆ ಹೊರಳಿದ್ದವರು, ಕಲಿಯುಗ ಅನ್ನೋದನ್ನೇ ಇಂಗ್ಲಿಷಿಗೆ ತಂದು ರೆಕಾರ್ಡಿಗೆ ಇಟ್ಟಿದ್ದಾರೆ. ನಮ್ಮಜ್ಜಿ ನಲ್ಲೀಲಿ ನೀರು ನಿಂತ್ರೂ ಕಲಿಯುಗ ಅಂತಿದ್ದರು, ಮೊಮ್ಮಕ್ಕಳು ಎದುರುತ್ತರ ಕೊಟ್ರೂ ಕಲಿಯುಗ ಅಂತಿದ್ದರು. ಅದೇ ಪದವನ್ನ ಮೈತುಂಬ ಹಚ್ಚೆ ಹಾಕಿಸಿಕೊಂಡ ಹುಡುಗರು ಗಂಟಲು ಹರ್ಕೊಂಡು ಹಾಡ್ತಿದ್ದಾರೆ.

ಇದು ಅಲ್ಲಿಗೆ ಹೋಗಿದ್ದು ಹೇಗೆ ಅಂತ ನೋಡಿದ್ರೆ, ಪ್ರಭುಪಾದರು 1966ರಲ್ಲಿ ಇಸ್ಕಾನ್ ಶುರು ಮಾಡಿದ್ದೇ ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡಲ್ಲಿ, ಸೆಕೆಂಡ್ ಅವೆನ್ಯೂದ ಒಂದು ಅಂಗಡಿ ಮಳಿಗೆಯಲ್ಲಿ. ನ್ಯೂಯಾರ್ಕ್ ಹಾರ್ಡ್‌ಕೋರ್ ಬೆಳೆದ ಸಿಬಿಜಿಬಿ ಕ್ಲಬ್ ಅಲ್ಲಿಂದ ನಡೆದು ಹೋಗೋ ದೂರದಲ್ಲಿತ್ತು. ಕೆಲಸ ಇಲ್ಲದ, ಮನೆ ಬಿಟ್ಟು ಬಂದ ಹುಡುಗರಿಗೆ ಆ ಬೀದಿಗಳಲ್ಲಿ ಎರಡೂ ಸಿಕ್ಕಿವೆ. ನಮ್ಮ ರಾಜಾಜಿನಗರದ ಗುಡ್ಡದ ಮೇಲೆ ಇಸ್ಕಾನ್ ದೇವಸ್ಥಾನ ತೆರೆದಿದ್ದು 1997ರಲ್ಲಿ. ನಮ್ಮ ಮಹಡಿಯಿಂದ ಗೋಪುರ ಕಾಣತ್ತೆ. ರಾತ್ರಿ ದೀಪ ಹಾಕಿದಾಗ ಅಲ್ಲೇ ನಿಂತು ಈ ರೆಕಾರ್ಡು ಕೇಳೋದು ನನಗೆ ಇವತ್ತಿಗೂ ಅಭ್ಯಾಸ. ಮೊದಲ ಹಾಡಿನ ಗಿಟಾರ್ ಶುರುವಾದ್ರೆ ಮೈಮೇಲೆ ಮುಳ್ಳು ಏಳತ್ತೆ.

ನಿಧಾನವೇ_ಪ್ರಧಾನ

ಎಲ್ಲರೂ ವೇಗದ ಬಗ್ಗೆಯೇ ಹೇಳ್ತಿದ್ದೀರಿ. ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಫ್ಲ್ಯಾಗ್ ತಂಡದ ‘ಮೈ ವಾರ್’ ರೆಕಾರ್ಡಿನ ಎರಡನೇ ಸೈಡ್ ಕೇಳಿದವರು ಯಾರಿದ್ದೀರಿ? 1984. ಮೂರೇ ಹಾಡು, ಒಂದೊಂದೂ ಆರು ನಿಮಿಷದ ಮೇಲೆ. ಕೆಸರಲ್ಲಿ ಕಾಲು ಕಿತ್ತಿಟ್ಟು ನಡೆದ ಹಾಗೆ. ವೇಗವಾಗಿ ಬಾರಿಸೋದನ್ನ ಅಮೆರಿಕಕ್ಕೆಲ್ಲ ಕಲಿಸಿಕೊಟ್ಟವರೇ ಅದನ್ನ ಬಿಟ್ಟುಕೊಟ್ಟರಲ್ಲ, ನನ್ನ ಪ್ರಕಾರ ಹಾರ್ಡ್‌ಕೋರಲ್ಲಿ ಅದಕ್ಕಿಂತ ಧೈರ್ಯದ ಕೆಲಸ ಇನ್ನೊಂದಿಲ್ಲ.

ತಮಟೆ_ಏಟು

ಒಪ್ಪಲ್ಲ ಸಾರ್. ಧೈರ್ಯ ಇರಬಹುದು, ಹಾಡಲ್ಲಿ ಜೀವ ಇಲ್ಲ. ಅವರದೇ ‘ಡ್ಯಾಮೇಜ್ಡ್’ ಹಾಕಿ ನೋಡಿ, 1981ರದ್ದು. ಗಾಯಕ ಹೆನ್ರಿ ರಾಲಿನ್ಸ್ ತಂಡಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅದಕ್ಕೂ ಮುಂಚೆ ವಾಷಿಂಗ್ಟನ್ನಲ್ಲಿ ಐಸ್‌ಕ್ರೀಮ್ ಅಂಗಡೀಲಿ ಕೆಲಸ ಮಾಡ್ತಿದ್ದವನು. ತನಗೆ ಸಿಕ್ಕಿರೋದು ಒಂದೇ ಅವಕಾಶ ಅನ್ನೋ ಥರ ಹಾಡಿದ್ದಾನೆ. ಮುಖಪುಟದಲ್ಲಿ ಕನ್ನಡಿಗೆ ಗುದ್ದಿ ಕೈಯೆಲ್ಲ ರಕ್ತ. ಕನ್ನಡಿಯನ್ನ ಮೊದಲೇ ಸುತ್ತಿಗೆಯಲ್ಲಿ ಒಡೆದಿದ್ದು, ರಕ್ತ ಅಂದ್ರೆ ಕೆಂಪು ಇಂಕಿಗೆ ಕಾಫಿಪುಡಿ ಬೆರೆಸಿದ್ದು ಅಂತ ಗೊತ್ತಾದ ಮೇಲೂ ಆ ಚಿತ್ರ ನೋಡಿದ್ರೆ ನನ್ನ ಬೆರಳಗೆಣ್ಣು ನೋಯತ್ತೆ.

ನಿಧಾನವೇ_ಪ್ರಧಾನ

‘ಡ್ಯಾಮೇಜ್ಡ್’ ಬಗ್ಗೆ ನನ್ನದೇನೂ ತಕರಾರಿಲ್ಲ. ಆದ್ರೆ ಜೀವ ಇಲ್ಲ ಅನ್ನಬೇಡಿ. 2012ರಲ್ಲಿ ಅಮ್ಮನಿಗೆ ಹುಷಾರಿಲ್ಲದೆ ಮೂರು ತಿಂಗಳು ಪ್ರತಿ ಸಂಜೆ ಸಿಲ್ಕ್ ಬೋರ್ಡ್ ದಾಟಿ ಆಸ್ಪತ್ರೆಗೆ ಹೋಗ್ತಿದ್ದೆ. ಗಾಡಿ ಒಂದು ಗೇಣು ಮುಂದಕ್ಕೆ ಹೋಗ್ತಿರಲಿಲ್ಲ. ವೇಗದ ಹಾಡು ಹಾಕಿದ್ರೆ ಎದೆ ಡವಡವ ಅಂತ ಇನ್ನೂ ಹಿಂಸೆ ಆಗೋದು. ಆ ಎರಡನೇ ಸೈಡ್ ಒಂದೇ ನನ್ನ ಜೊತೆ ನಡೀತಿದ್ದಿದ್ದು.

ತಮಟೆ_ಏಟು

ಸರಿ ಸಾರ್. ಇವತ್ತು ರಾತ್ರಿ ಮತ್ತೆ ಕೇಳ್ತೀನಿ.

ಹೆಬ್ಬಾಳ_ಬೀಜ

ನನ್ನದು ಡಿಸೆಂಡೆಂಟ್ಸ್, ‘ಮೈಲೋ ಗೋಸ್ ಟು ಕಾಲೇಜ್’, 1982. 15 ಹಾಡು, 22 ನಿಮಿಷ. ಗಾಯಕ ಮೈಲೋ ಆಕರ್‌ಮನ್ ಜೀವಶಾಸ್ತ್ರ ಓದೋಕೆ ತಂಡ ಬಿಟ್ಟು ಹೊರಟ, ಅದೇ ರೆಕಾರ್ಡಿನ ಹೆಸರು. ಮುಖಪುಟದಲ್ಲಿ ದಪ್ಪ ಕನ್ನಡಕದ ಅವನ ವ್ಯಂಗ್ಯಚಿತ್ರ.

ನಮ್ಮ ಕಡೆ ಹುಡುಗರು ಓದು ಬಿಟ್ಟು ಸಂಗೀತಕ್ಕೆ ಹೋದ್ರೆ ಅದು ಕಥೆ. ಓದೋಕೆ ಅಂತ ಸಂಗೀತ ಬಿಟ್ಟು ಹೋದವನನ್ನ ಜೊತೆಯವರೇ ಮುಖಪುಟದ ಮೇಲೆ ಕೂರಿಸಿದ್ದು ನೋಡಿ ನನಗೆ ಕಣ್ಣು ತುಂಬಿ ಬಂತು. ನಾನಾಗ ಜಿಕೆವಿಕೆಯಲ್ಲಿ ಸಸ್ಯ ಜೈವಿಕ ತಂತ್ರಜ್ಞಾನದ ಎಂ.ಎಸ್ಸಿ. ಲ್ಯಾಬಲ್ಲಿ ಜೆಲ್ ಓಡೋವರೆಗೂ ಸುಮ್ನೆ ಕಾಯಬೇಕು, ಅಷ್ಟರಲ್ಲಿ ಈ ರೆಕಾರ್ಡ್ ಎರಡು ಸಲ ಮುಗಿಯೋದು. ಮೈಲೋ ಮುಂದೆ ಪಿಎಚ್‌.ಡಿ. ಮಾಡಿ ವರ್ಷಗಟ್ಟಲೆ ಸಸ್ಯಗಳ ಮೇಲೆಯೇ ಸಂಶೋಧನೆ ಮಾಡಿದ ಅಂತ ಓದಿದ ದಿನ ಲ್ಯಾಬಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಯಾರಿಗೂ ಅವನು ಯಾರು ಅಂತ ಗೊತ್ತಿರಲಿಲ್ಲ, ನಡುನಡುವೆ ತಂಡಕ್ಕೂ ಬಂದು ಹಾಡಿ ಹೋಗ್ತಾನೆ ಅಂದಾಗ ಮಾತ್ರ ನಮ್ಮ ಗೈಡ್ ಮೇಡಂ ತಲೆ ಎತ್ತಿ ನೋಡಿದರು.

ಒಂದು ಮಾತು ಮುಚ್ಚಿಡೋಕೆ ಆಗಲ್ಲ. ಅದರಲ್ಲಿ ಸಲಿಂಗಿಗಳನ್ನ ಹೀಯಾಳಿಸೋ ಬೈಗುಳ ಇದೆ. ಇಷ್ಟದ ರೆಕಾರ್ಡು ಅಂತ ಅದನ್ನ ದಾಟಿಸಿ ಬಿಡೋದು ನನ್ನಿಂದ ಸಾಧ್ಯ ಇಲ್ಲ, ಆ ಹಾಡು ನಾನು ಹಾಕಲ್ಲ.

ಹಳದಿ_ಕ್ಯಾಸೆಟ್

@ಸೈಡ್_ಎ ಅಣ್ಣ, ಕ್ಯಾಸೆಟ್ ಅಂದ್ರಲ್ಲ, ಕ್ಯಾಸೆಟ್ಟಾಗಿಯೇ ಹುಟ್ಟಿದ ರೆಕಾರ್ಡ್ ಒಂದಿದೆ. ಬ್ಯಾಡ್ ಬ್ರೇನ್ಸ್ ತಂಡದ ಅದೇ ಹೆಸರಿನ ರೆಕಾರ್ಡ್, 1982. ಅದನ್ನ ತಂದ ರೋರ್ ಅನ್ನೋ ನ್ಯೂಯಾರ್ಕ್ ಕಂಪನಿ ಆಗ ಹೊರಗೆ ಬಿಡ್ತಿದ್ದಿದ್ದೇ ಕ್ಯಾಸೆಟ್ ಮಾತ್ರ. ಹಳದಿ ಹೊದಿಕೆ, ಅಮೆರಿಕದ ಸಂಸತ್ ಭವನದ ಗುಮ್ಮಟಕ್ಕೆ ಸಿಡಿಲು ಬಡೀತಿದೆ.

ನಾಲ್ವರೂ ಕಪ್ಪು ಜನಾಂಗದವರು, ಮೊದಲು ಜಾಝ್ ಫ್ಯೂಶನ್ ನುಡಿಸ್ತಿದ್ದವರು. ಕೈ ಅಷ್ಟು ಪಳಗಿದ್ದರಿಂದಲೇ ಅಷ್ಟು ವೇಗದಲ್ಲೂ ಒಂದು ಸ್ವರ ಜಾರಲ್ಲ. ನಾನು ಏಳು ವರ್ಷ ವೀಣೆ ಕಲಿತಿದ್ದೀನಿ. ಮೂರನೇ ಕಾಲದಲ್ಲಿ ವರಸೆ ನುಡಿಸುವಾಗ ಬೆರಳು ಎಲ್ಲಿ ತಪ್ಪತ್ತೆ ಅಂತ ಚೆನ್ನಾಗಿ ಗೊತ್ತು. ಇವರದು ಎಲ್ಲೂ ತಪ್ಪಲ್ಲ. ಇನ್ನು ಉಸಿರು ಕಟ್ಟಿತು ಅನ್ನೋ ಹೊತ್ತಿಗೆ ಒಂದು ರೆಗ್ಗೆ ಹಾಡು ಬರತ್ತೆ, ನಿಧಾನಕ್ಕೆ, ಮಳೆ ನಿಂತ ಮೇಲೆ ಮಾಡಿನ ಹನಿ ಬಿದ್ದಂಗೆ. ಆಮೇಲೆ ಮತ್ತೆ ಶುರು.

ಇನ್ನೊಂದು ವಿಷಯ. ಅವರ ಹಾಡಲ್ಲಿ ಪಿ.ಎಂ.ಎ. (ಪಾಸಿಟಿವ್ ಮೆಂಟಲ್ ಆಟಿಟ್ಯೂಡ್) ಅಂತ ಬರತ್ತೆ, ಎಂಥದ್ದೇ ಬರಲಿ ಮನಸ್ಸನ್ನ ಗಟ್ಟಿಯಾಗಿಟ್ಟುಕೋ ಅನ್ನೋ ಅರ್ಥದಲ್ಲಿ. ಅದು ಅವರಿಗೆ ಸಿಕ್ಕಿದ್ದು ನೆಪೋಲಿಯನ್ ಹಿಲ್ ಬರೆದ ‘ಥಿಂಕ್ ಅಂಡ್ ಗ್ರೋ ರಿಚ್’ ಪುಸ್ತಕದಿಂದ! ಮೆಜೆಸ್ಟಿಕ್ ಫುಟ್‌ಪಾತ್ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಮಾರ್ತಾರಲ್ಲ, ಅದೇ. ನಮ್ಮ ಮಾವ ಅದನ್ನ ಓದಿ ಚೀಟಿ ವ್ಯವಹಾರ ಶುರು ಮಾಡಿದ್ದರು. ವಾಷಿಂಗ್ಟನ್ನಿನ ನಾಲ್ಕು ಹುಡುಗರು ಅದನ್ನೇ ಓದಿ ಈ ರೆಕಾರ್ಡು ಮಾಡಿದ್ದಾರೆ.

ಒಂದು_ಲೋಟ_ನೀರು

ಬಹಳ ದಿನದಿಂದ ಓದ್ತಾ ಮಾತ್ರ ಇದ್ದೆ, ಬರೀತಿರೋದು ಇದೇ ಮೊದಲು.

ಮೈನರ್ ಥ್ರೆಟ್‌ನ ‘ಸ್ಟ್ರೈಟ್ ಎಡ್ಜ್’ 46 ಸೆಕೆಂಡಿನ ಹಾಡು. ನನಗೆ ಕುಡಿತ ಬೇಡ, ನಶೆ ಬೇಡ, ಮಾಡೋಕೆ ಬೇರೆ ಕೆಲಸ ಇದೆ ಅನ್ನೋದು ಅಷ್ಟೇ. ನಮ್ಮಪ್ಪ ಕುಡೀತಿದ್ದರು. ಸಂಜೆ ಗೇಟಿನ ಚಿಲಕದ ಶಬ್ದದಲ್ಲೇ ಅವತ್ತು ಹೇಗಿದ್ದಾರೆ ಅಂತ ಅಮ್ಮನಿಗೂ ನನಗೂ ಗೊತ್ತಾಗ್ತಿತ್ತು. ಕಾಲೇಜಿಗೆ ಬಂದಮೇಲೆ ಗೆಳೆಯರೆಲ್ಲ ಬೀರ್ ಹಿಡಿದಾಗ ನಾನು ಬೇಡ ಅಂದ್ರೆ, ಭಕ್ತನಾ, ವ್ರತವಾ ಅಂತ ಕೇಳೋರು. ಅಪ್ಪನ ವಿಷಯ ಹೇಳೋಕೆ ಮನಸ್ಸಿರಲಿಲ್ಲ. ಬೇಡ ಅನ್ನೋದಕ್ಕೆ ಹೆದರಿಕೆಯೊಂದೇ ಕಾರಣ ಆಗಬೇಕಿಲ್ಲ, ಸಿಟ್ಟಿಂದ, ನೆಟ್ಟಗೆ ನಿಂತು ಬೇಡ ಅನ್ನಬಹುದು ಅಂತ ತೋರಿಸಿಕೊಟ್ಟಿದ್ದು ಈ ಹಾಡು.

ಇದನ್ನ ಮುಂದೆ ಕೆಲವರು ಕಟ್ಟುಪಾಡು ಮಾಡಿಕೊಂಡು ಕುಡಿಯೋರಿಗೆ ಹೊಡೆಯೋಕೆ ಹೋದ್ರು ಅಂತ ಓದಿ ಬೇಜಾರಾಯ್ತು. 1983ರ ‘ಔಟ್ ಆಫ್ ಸ್ಟೆಪ್’ನಲ್ಲಿ ಮಕಾಯ್ ಹಾಡಿನ ಮಧ್ಯದಲ್ಲೇ ನಿಲ್ಲಿಸಿ, ಇದು ನಿಯಮ ಅಲ್ಲ, ನೀವು ಹೀಗೆ ಮಾಡಿ ಅಂತ ನಾನು ಹೇಳ್ತಿಲ್ಲ ಅಂತ ಮಾತಲ್ಲೇ ಹೇಳಿದ್ದಾನೆ. ಅಷ್ಟು ಸಾಕು ನನಗೆ. ನಾನು ಯಾರ ಲೋಟವನ್ನೂ ಕಿತ್ಕೊಂಡಿಲ್ಲ.

ಸೈಡ್_ಎ

@ಒಂದು_ಲೋಟ_ನೀರು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಆ ಹಾಡನ್ನ ನಾನು ಇನ್ಮೇಲೆ ಬೇರೆ ಥರ ಕೇಳ್ತೀನಿ.

ಎಲ್ಲರದೂ ಓದಿ ನನಗೆ ಅನಿಸಿದ್ದು ಒಂದು. ಯಾರಿಗೂ ಈ ರೆಕಾರ್ಡು ಅಂಗಡಿಯಿಂದ ನೆಟ್ಟಗೆ ಸಿಕ್ಕಿಲ್ಲ. ಯಾರೋ ತಂದಿದ್ದು, ಯಾರೋ ಕಾಪಿ ಮಾಡಿದ್ದು, ಯಾರೋ ಬರ್ನ್ ಮಾಡಿದ್ದು. ಮಾಡಿದವರದೂ ಹಾಗೇ ಅಲ್ಲವಾ? ಮಕಾಯ್ ಮತ್ತು ಡ್ರಮ್ಮರ್ ಜೆಫ್ ನೆಲ್ಸನ್ ಮೈನರ್ ಥ್ರೆಟ್‌ಗಿಂತ ಮುಂಚೆ ಟೀನ್ ಐಡಲ್ಸ್ ಅಂತ ತಂಡದಲ್ಲಿದ್ದರು. ಅದು ಒಡೆದಾಗ ಕಾರ್ಯಕ್ರಮಗಳಿಂದ ಕೂಡಿಟ್ಟ ದುಡ್ಡು ಉಳಿದಿತ್ತು. ಹಂಚಿಕೊಂಡು ಮನೆಗೆ ಹೋಗೋ ಬದಲು ಆ ದುಡ್ಡಲ್ಲಿ ತಮ್ಮ ಹಾಡುಗಳ ಸಾವಿರ ಪ್ರತಿ ಒತ್ತಿಸಿದರು. ಅವರ ರೆಕಾರ್ಡ್ ಕಂಪನಿ ಡಿಸ್ಕಾರ್ಡ್ ರೆಕಾರ್ಡ್ಸ್ ಶುರುವಾಗಿದ್ದು ಹೀಗೆ, 1980ರಲ್ಲಿ. ಹೊದಿಕೆ ಹೇಗೆ ಮಾಡೋದು ಗೊತ್ತಿರಲಿಲ್ಲ, ಇದ್ದ ಒಂದು ರೆಕಾರ್ಡಿನ ಹೊದಿಕೆಯನ್ನ ಅಂಟು ಬಿಡಿಸಿ ಹರವಿ ಅಳತೆ ತಗೊಂಡರು. ಮುದ್ರಿಸಿದ್ದನ್ನ ಕತ್ತರಿಯಲ್ಲಿ ಕತ್ತರಿಸಿ, ಮಡಿಚಿ, ಗೋಂದು ಹಚ್ಚಿದ್ದು ತಾವೇ, ಗೆಳೆಯರನ್ನ ಕೂರಿಸಿಕೊಂಡು. ನಮ್ಮ ಕಡೆ ಮದುವೆ ಕಾಗದಕ್ಕೆ ಮನೆಮಂದಿಯೆಲ್ಲ ನಡುಮನೇಲಿ ಕೂತು ಅರಿಶಿನ ಹಚ್ಚಿ ವಿಳಾಸ ಬರೀತಾರಲ್ಲ, ಆ ಥರ. ಸೀನಿಯರ್ ಕೊಟ್ಟ ಜೆರಾಕ್ಸನ್ನ ನಾನೂ ಹಾಗೇ ಸ್ಕೇಲ್ ಇಟ್ಟು, ಬ್ಲೇಡಲ್ಲಿ ಕುಯ್ದು, ಮಡಿಚಿ ಡಬ್ಬಿಗೆ ಹಾಕಿದ್ದೆ. ಮಡಿಕೆ ಬಿದ್ದ ಕಡೆ ಇಂಕು ಉದುರಿ ಆ ಹುಡುಗನ ಮೊಣಕೈ ಮೇಲೆ ಈಗ ಒಂದು ಬಿಳೀ ಗೆರೆ ಇದೆ.

ಬೆಲ್ಟು_ಮೋಟಾರು

ಸಾರ್, ಒಂದು ಪ್ರಶ್ನೆ. 2005ರಲ್ಲಿ ಪೂರ್ತಿ ಹಾಡು ಕೇಳಿದಾಗ ಜೋರಾಗಿ ಓಡ್ತಿದೆ ಅನಿಸ್ತು ಅಂತ ಬರೆದಿದ್ದೀರಿ. ನಿಮ್ಮ ಟೂ-ಇನ್-ಒನ್ ನಿಧಾನ ಓಡ್ತಿತ್ತೇನೋ ನೋಡಿ. ಬೆಲ್ಟ್ ಹಳೇದಾದ್ರೆ ಸಡಿಲ ಆಗಿ ಜಾರತ್ತೆ, ಟೇಪ್ ನಿಧಾನ ಆಗತ್ತೆ, ಸ್ವರ ಕೂಡ ಕೆಳಗಿಳಿಯತ್ತೆ. ಸೆಟ್ ಇನ್ನೂ ಇದೆಯಾ?

ಸೈಡ್_ಎ

ಅಟ್ಟದ ಮೇಲಿದೆ. ಆನ್ ಆಗತ್ತೆ. ಟೇಪ್ ತಿರುಗುತ್ತೆ, ನಡುನಡುವೆ ಎಳೀತದೆ.

ಬೆಲ್ಟು_ಮೋಟಾರು

ಹಾಗಿದ್ರೆ ಬೆಲ್ಟೇ. ಹಿಂದಿನ ಮುಚ್ಚಳ ಬಿಚ್ಚಿ. ಹಳೇ ಬೆಲ್ಟ್ ಕರಗಿ ಡಾಂಬರಿನ ಥರ ಅಂಟಿದ್ರೆ ಹತ್ತಿಗೆ ಸ್ಪಿರಿಟ್ ಹಾಕಿ ಚಕ್ರಗಳನ್ನ ಒರೆಸಿ. ಬೆಲ್ಟ್ ಹೋಗೋ ದಾರೀಲಿ ದಾರ ಸುತ್ತಿ ಅಳತೆ ತಗೊಳ್ಳಿ, ಎಸ್.ಪಿ. ರೋಡಲ್ಲಿ ಬಿಡಿಭಾಗದ ಅಂಗಡಿಯವರಿಗೆ ಆ ದಾರ ತೋರಿಸಿ. ದಾರಕ್ಕಿಂತ ಒಂಚೂರು ಚಿಕ್ಕದು ಕೇಳಿ, ಬಿಗಿ ಇರಬೇಕು. ಹೆಡ್ಡನ್ನ, ರಬ್ಬರ್ ರೋಲರನ್ನ ಒರೆಸೋದು ಮರೀಬೇಡಿ. ಆಮೇಲೂ ನಿಧಾನ ಅನಿಸಿದ್ರೆ ಮೋಟಾರಿನ ಬೆನ್ನಲ್ಲಿ ಸಣ್ಣ ತೂತು ಇರತ್ತೆ, ಒಳಗಡೆ ಸ್ಕ್ರೂ. ಕೂದಲೆಳೆಯಷ್ಟೇ ತಿರುಗಿಸಿ, ಜಾಸ್ತಿ ಬೇಡ. ಅವಧಿ ಸರಿಯಾಗಿ ಗೊತ್ತಿರೋ ಹಾಡೊಂದನ್ನ ಇಟ್ಟುಕೊಂಡು ಅಳೀರಿ.

ಸೈಡ್_ಎ

ಭಾನುವಾರ ಮಾಡಿದೆ.

ಬೆಲ್ಟ್ ನೀವು ಹೇಳಿದ ಹಾಗೇ ಡಾಂಬರಾಗಿತ್ತು, ಬೆರಳಿನ ಕಪ್ಪು ಇವತ್ತೂ ಹೋಗಿಲ್ಲ. ಹೊಸದು ಹಾಕೋಕೆ ಮುಂಚೆ ಒಂದು ಸಲ ಹಳೇದರಲ್ಲೇ ಅಳೀಬೇಕು ಅನಿಸಿ ಶನಿವಾರ ರಾತ್ರಿಯೇ ಟೇಪ್ ಹಾಕಿ, ಫೋನಲ್ಲಿ ಸ್ಟಾಪ್‌ವಾಚ್ ಇಟ್ಕೊಂಡು ಕೂತೆ. ಅಳತೆಗೆ ಆರಿಸಿದ್ದು @ಒಂದು_ಲೋಟ_ನೀರು ಹೇಳಿದ ಹಾಡನ್ನೇ. ಮೊದಲಿಂದ ನಾಲ್ಕನೇದು, 46 ಸೆಕೆಂಡ್. ನನ್ನ ಸೆಟ್ಟಲ್ಲಿ 49 ಬಂತು. ಹಾಡು ಎಲ್ಲೂ ತಪ್ಪಿಲ್ಲ ಅನಿಸ್ತು ನನಗೆ, ನನ್ನ ಕಿವಿಗೆ ಅದು ಹಾಗೇ ಇರಬೇಕಾಗಿದ್ದ ಹಾಡು.

ಹೊಸ ಬೆಲ್ಟ್ ಹಾಕಿದ ಮೇಲೆ 47. ಸ್ಕ್ರೂ ತಿರುಗಿಸೋದೋ ಬೇಡವೋ ಅಂತ ಬಹಳ ಹೊತ್ತು ಸ್ಕ್ರೂಡ್ರೈವರ್ ಹಿಡ್ಕೊಂಡು ಕೂತಿದ್ದೆ. ಅವರು ಬಾರಿಸಿದ್ದು 46ರಲ್ಲಿ. ತಿರುಗಿಸಿದೆ. ಮೊದಲ ಸಲ ಜಾಸ್ತಿಯಾಗಿ 44, ಹಿಂದಕ್ಕೆ ತಂದು ಮೂರನೇ ಸಲಕ್ಕೆ 46.

ಆಮೇಲೆ ಟೇಪನ್ನ ನಿಲ್ಲಿಸದೆ ಕೊನೇವರೆಗೂ ಬಿಟ್ಟೆ. ಮನೆಯವರು ಬಂದು ಸ್ವಲ್ಪ ಹೊತ್ತು ನಿಂತು ಕೇಳಿ ಹೋದರು. ಕೊನೇ ಹಾಡಿನ ಬೇಸ್ ಶುರುವಾಯ್ತು, ಮೊದಲಿಗಿಂತ ಅರ್ಧ ಸ್ವರ ಮೇಲೆ, ಬಿಗಿಯಾಗಿ. ಉಳಿದವರು ಸೇರಿಕೊಂಡರು. ಟಕ್ ಅಂತ ಬಟನ್ ಎದ್ದಿತು. ಮುಂದಿನ ಎರಡು ನಿಮಿಷ ಫೋನಲ್ಲೇ ಇತ್ತು, ಅವತ್ತು ಹಾಕಲಿಲ್ಲ.